ಬೆನೆಡಿಕ್ಟ ಮುನಿಯ ನಿಯಮಾವಳಿ

ಒಂದು ದಿನ ಉತ್ಸಾಹದಿಂದ ದೇವರನ್ನು ಆರಾಧಿಸುವುದು ಯಾರಿಗೂ ಕಷ್ಟವಲ್ಲ. ಅದನ್ನೇ ಪ್ರತಿದಿನವೂ ಬೇಸರಿಸದೆ ನಡೆಸಿಕೊಂಡು ಬರುವುದು ಕಷ್ಟ. ನಮ್ಮ ಹಿರಿಯರು ನಿತ್ಯಕರ್ಮವೆಂದೂ ಆಹ್ನಿಕವೆಂದೂ ಕಟ್ಟುಮಾಡಿದುದು ಇದನ್ನು ಅರಿತೇ. ಕ್ರೈಸ್ತಮತದಲ್ಲಿ ಈ ಕಷ್ಟವನ್ನು ಕಂಡು ಅದಕ್ಕೆ ಉಪಾಯವನ್ನು ಹೇಳಿದವರಲ್ಲಿ ಇಟಲಿ ದೇಶದ ಬೆನೆಡಿಕ್ಟ ಮುನಿಯು ಅಗ್ರಗಣ್ಯನು.

ಈತನು ಕ್ರಿ. ಶ. 480ರ ಸುಮಾರಿಗೆ ನುರ್ಸಿಯಾ ಎಂಬ ಊರಿನಲ್ಲಿ ಜನಿಸಿದನು. ವಿದ್ಯಾಭ್ಯಾಸಕ್ಕಾಗಿ ರೋಮಿಗೆ ಹೋಗಿ, ಅಲ್ಲಿಯವರ ನಡತೆಗೆ ಹೇಸಿ, ಸುಬಿಯಾಕೊ ಎಂಬಲ್ಲಿ ಗುಹೆಯೊಂದರಲ್ಲಿ ಮೂರು ವರ್ಷ ತಪಸ್ಸಿನಲ್ಲಿದ್ದನು. ಸಮೀಪದ ಮಠದವರು ಆತನನ್ನು ಬೇಡಿಕೊಂಡು ತಮ್ಮ ಅಧಿಪತಿಯನ್ನಾಗಿ ಮಾಡಿಕೊಂಡರು. ಆದರೆ ಆತನ ಕಟ್ಟುನಿಟ್ಟನ್ನು ಸಹಿಸಲಾರದೆ, ದ್ರಾಕ್ಷಾರಸದಲ್ಲಿ ವಿಷವನ್ನು ಬೆರಸಿಕೊಟ್ಟರು. ಮುನಿಯು ಶಿಲುಬೆಯ ಗುರುತು ಮಾಡಲು ಪಾತ್ರೆಯು ಒಡೆದುಹೋಯಿತೆಂದು, ಆತನ ಚರಿತ್ರೆಯನ್ನು ಬರೆದ ಪೋಪ್ ಗ್ರೆಗರಿಯು ಹೇಳುತ್ತಾನೆ. ಮುನಿಯು ಕೋಪಿಸದೆ ಗುಹೆಗೆ ಹಿಂದಿರುಗಿದನು.

ಕಾಲಾನಂತರದಲ್ಲಿ, ಸುಮಾರು 529ರಲ್ಲಿ, ಆತನು ಮೊಂಟೆ ಕಸ್ಸಿನೊ ಎಂಬ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿ, ಶಿಷ್ಯರಿಗಾಗಿ 73 ಅಧ್ಯಾಯಗಳ ನಿಯಮಾವಳಿಯೊಂದನ್ನು ರಚಿಸಿದನು. ಆ ವಿಷಪಾತ್ರೆಯೇ ಆತನಿಗೆ ಪಾಠವಾಯಿತೋ ಏನೋ, ಈ ಗ್ರಂಥದಲ್ಲಿ ಎಲ್ಲೆಲ್ಲಿಯೂ ಕಾಣುವುದು ಮಿತವೇ ಹೊರತು ಉಗ್ರತೆಯಲ್ಲ. ಹಗಲಿನಲ್ಲಿ ಏಳು ಬಾರಿ, ರಾತ್ರಿಯಲ್ಲಿ ಒಂದು ಬಾರಿ ಪ್ರಾರ್ಥನೆ. ಪೂರ್ವದ ತಪಸ್ವಿಗಳು 150 ಕೀರ್ತನೆಗಳನ್ನೂ ಒಂದೇ ದಿನದಲ್ಲಿ ಪಠಿಸುತ್ತಿದ್ದರೆಂಬುದನ್ನು ಜ್ಞಾಪಿಸಿ, ತನ್ನವರು ಅವನ್ನು ಒಂದು ವಾರದಲ್ಲಾದರೂ ಮುಗಿಸಲಿ ಎಂದನು. ರಾತ್ರಿಯ ಪ್ರಾರ್ಥನೆಗೆ ಏಳುವಾಗ ನಿದ್ದೆಗಣ್ಣಿನವರನ್ನು ಒಬ್ಬರೊಬ್ಬರು ಮೃದುವಾಗಿ ಎಚ್ಚರಿಸಬೇಕು. ಆರಂಭದ ಕೀರ್ತನೆಯನ್ನು ನಿಧಾನವಾಗಿ ಹೇಳಬೇಕು. ಅಷ್ಟರಲ್ಲಿ ಹಿಂದುಳಿದವರು ಬಂದು ಸೇರಲಿ. ಅದಕ್ಕೂ ತಡವಾಗಿ ಬಂದವನನ್ನು ಹೊರಗೆ ನಿಲ್ಲಿಸಬಾರದು. ಹೊರಗುಳಿದರೆ ಹೋಗಿ ಮಲಗಿಯಾನು, ಇಲ್ಲವೆ ಹರಟೆಗೆ ತೊಡಗಿಯಾನು. ಒಳಗೆ, ಎಲ್ಲರಿಗೂ ಕಾಣುವಂತೆ, ಕೊನೆಯಲ್ಲಿ ನಿಲ್ಲಿಸಿದರೆ ನಾಚಿಕೆಯೇ ಅವನನ್ನು ತಿದ್ದುವುದು. ತಡವಾಗಿ ಬಂದ ಹುಡುಗರನ್ನು ಬಾಗಿಲಾಚೆ ನಿಲ್ಲಿಸಿ ಬಹುಕಾಲ ಪಾಠ ಹೇಳಿದ ನನಗೆ, ಈ ಭಾಗವನ್ನು ಓದಿದಾಗ ತಲೆ ತಗ್ಗಿತು.

ಆರಾಧನೆಯನ್ನು ಸೇವೆಯಿಂದ ಬೇರ್ಪಡಿಸದಿರುವುದು ಈ ನಿಯಮಾವಳಿಯ ಇನ್ನೊಂದು ವಿಶೇಷವು. ದಿನದಲ್ಲಿ ಕೈಕೆಲಸಕ್ಕೂ ಗ್ರಂಥಪಠನಕ್ಕೂ ಗೊತ್ತಾದ ಹೊತ್ತುಗಳುಂಟು. ಗಂಟೆ ಕೇಳಿಸಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಪ್ರಾರ್ಥನೆಗೆ ಬರಬೇಕು. ದೂರದಲ್ಲಿ ಕೆಲಸಮಾಡುತ್ತಿರುವವರು ಇದ್ದಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಬೇಕು. ಅಡಿಗೆಯ ಸರದಿ ವಾರಕ್ಕೊಮ್ಮೆ ಬದಲಾಗುವುದು. ಸರದಿ ಮುಗಿದವನೂ ಮುಂದಿನವನೂ ಕೂಡಿ ಎಲ್ಲರ ಪಾದಗಳನ್ನು ತೊಳೆಯಬೇಕು. ರೋಗಿಗಳ ಆರೈಕೆ ಎಲ್ಲಕ್ಕೂ ಮಿಗಿಲು. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಿ ಸತ್ಕರಿಸಬೇಕು. ಉಗ್ರಾಣದವನು ಮಠದ ಪಾತ್ರೆಪದಾರ್ಥಗಳನ್ನೆಲ್ಲ ಪೂಜಾಪಾತ್ರೆಗಳಂತೆ ಕಾಣಬೇಕು. ಹೀಗೆ ಒಲೆಯ ಮುಂದಿನ ಕೆಲಸವೂ ಆರಾಧನೆಯ ಅಂಗವಾದುದರಿಂದ, ಇವುಗಳಲ್ಲಿ ಒಂದು ಸಡಿಲಿದಾಗ ಇನ್ನೊಂದು ಅದನ್ನು ಹಿಡಿದು ನಿಲ್ಲಿಸುತ್ತಿದ್ದಿತು.

ಆ ಬೆಟ್ಟದ ಮಠವು ಆರನೆಯ ಶತಮಾನದಲ್ಲಿ ಲೊಂಬಾರ್ಡರಿಂದಲೂ, 883ರಲ್ಲಿ ಸಾರಸೆನರಿಂದಲೂ, 1349ರಲ್ಲಿ ಭೂಕಂಪದಿಂದಲೂ ಹಾಳಾಯಿತು. 1944ರ ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬುಗಳನ್ನು ಸುರಿಸಿ ಅದನ್ನು ನೆಲಸಮಮಾಡಿದವು. ಪುನಃ ಕಟ್ಟಿದ ದೇವಾಲಯವನ್ನು 1964ರಲ್ಲಿ ಆರನೆಯ ಪೌಲ್ ಪೋಪರು ಪ್ರತಿಷ್ಠೆಮಾಡಿದರು. ಅಲ್ಲಿ ಈಗಲೂ ಪ್ರಾರ್ಥನೆಯು ನಡೆಯುತ್ತಿದೆ. ಬೆಂಗಳೂರಿನ ಕೆಂಗೇರಿಯ ಕಡೆ ಇರುವ ಆಶೀರ್ವನಂ ಮಠದವರೂ ಇದೇ ನಿಯಮಾವಳಿಯನ್ನು ಅನುಸರಿಸುವವರು.

ಮುನಿಯು ತನ್ನ ಗ್ರಂಥವನ್ನು ಆರಂಭಿಸುವವರಿಗಾಗಿ ಬರೆದ ಚಿಕ್ಕ ನಿಯಮವೆಂದು ಕರೆದುಕೊಂಡನು. ದೊಡ್ಡ ವ್ರತವನ್ನು ಹಿಡಿದು ಮೂರನೆಯ ದಿನ ಬಿಡುವ ನಮ್ಮಂಥವರಿಗೆ ಆ ಮಾತು ಮನನಯೋಗ್ಯವಾದುದು.