ಬ್ಯಾನ್ ನದಿ ಸೀಮೆಯ ನಾರುಮಡಿ

ಐರ್ಲೆಂಡಿನ ಉತ್ತರಕ್ಕೆ ಅಲ್‌ಸ್ಟರ್ ಪ್ರಾಂತ. ಅಲ್ಲಿಯ ಡೌನ್ ಕೌಂಟಿಯ ರೈತರನ್ನು ಒಂದು ಕಾಲಕ್ಕೆ ಸಾಕಿದ್ದು ಅಗಸೆ. ನಾವು ಬೀಜ ಹುರಿದು ಚಟ್ನಿಪುಡಿ ಕುಟ್ಟುವ ಅಗಸೆಯೇ ಅದು. ಅವರು ಬೆಳೆದದ್ದು ಕಾಂಡದ ನಾರಿಗಾಗಿ. 1696ರಲ್ಲಿ ಇಂಗ್ಲೆಂಡು ಈ ನಾರಿನಿಂದ ನೇಯ್ದ ಐರಿಷ್ ಲಿನನ್ ಬಟ್ಟೆಯ ಮೇಲಿನ ಸುಂಕವನ್ನು ತೆಗೆಯಿತು. 1711ರಲ್ಲಿ ಲಿನನ್ ಮಂಡಳಿ ಹುಟ್ಟಿತು. ಮುಂದಿನ ನೂರು ವರ್ಷ ಆ ಸೀಮೆಯ ಬಡ ಒಕ್ಕಲುಗಳ ಗೇಣಿಯ ಹಣ ಹೆಚ್ಚಾಗಿ ಮಗ್ಗದಿಂದಲೇ ಹುಟ್ಟಿತು.

ಅಗಸೆಗೆ ಕುಡುಗೋಲು ಹಾಕುತ್ತಿರಲಿಲ್ಲ. ನಾರು ಗಿಡ್ಡವಾಗಬಾರದೆಂದು ಬೇರುಸಹಿತ ಕೈಯಲ್ಲೇ ಕೀಳುತ್ತಿದ್ದರು. ಸಿವುಡು ಕಟ್ಟಿ, ಹೊಂಡದ ನಿಂತ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿ, ಒಂದೆರಡು ವಾರ ಕೊಳೆಯಲು ಬಿಡುತ್ತಿದ್ದರು. ಆ ಗಬ್ಬು ನೀರಿಗಿಳಿದು ಸಿವುಡುಗಳನ್ನು ಮೇಲೆತ್ತುವವರ ಮೈಗೆ ಹತ್ತಿದ ವಾಸನೆ ದಿನಗಟ್ಟಲೆ ಬಿಡುತ್ತಿರಲಿಲ್ಲ. ಒಣಗಿಸಿ, ಬಡಿದು, ಮೊಳೆಹಣಿಗೆಯಲ್ಲಿ ಬಾಚಿದ ಮೇಲೆ ನುಣುಪಾದ ನಾರು ಕೈಗೆ ಬರುತ್ತಿತ್ತು. ಅಲ್ಲಿಂದಾಚೆ ಹೆಂಗಸರ ರಾಟೆ, ಗಂಡಸರ ಮಗ್ಗ. ನೇಯ್ದ ಕೋರಾ ಬಟ್ಟೆಯನ್ನು ಬೂದಿನೀರಿನಲ್ಲಿ, ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲುಗಾವಲಿನ ಮೇಲೆ ತಿಂಗಳುಗಟ್ಟಲೆ ಹರಡಿ ಬಿಳುಪು ತರಿಸುತ್ತಿದ್ದರು. ಅದನ್ನು ಕದ್ದವನಿಗೆ ಗಲ್ಲು ವಿಧಿಸುವ ಕಾನೂನೂ ಇತ್ತು.

ಚಿತ್ರಕಾರ ವಿಲಿಯಂ ಹಿಂಕ್ಸ್ 1783ರಲ್ಲಿ ಹೊರತಂದ 12 ಕೆತ್ತನೆಚಿತ್ರಗಳಲ್ಲಿ ಈ ಕಸುಬುಗಳ ಬಾಳು ಉಳಿದಿದೆ. ಬ್ಯಾನ್ ನದಿ ದಂಡೆಯ ಊರಾದ ಬ್ಯಾನ್‌ಬ್ರಿಜ್‌ನ ಸಂತೆಯ ಚಿತ್ರದಲ್ಲಿ ನೇಕಾರರು ಥಾನುಗಳನ್ನು ಎತ್ತಿ ಹಿಡಿದಿದ್ದಾರೆ. ಕೊಳ್ಳುವವರು ಬೆಂಚು ಹತ್ತಿ ನಿಂತು ಪರೀಕ್ಷಿಸುತ್ತಿದ್ದಾರೆ. ಬೆಲೆ ಯಾರ ಬಾಯಲ್ಲಿತ್ತೆಂದು ಕೇಳಬೇಕಾಗಿಲ್ಲ.

ಈ ಕಸುಬುಗಳು ಒಟ್ಟಿಗೆ ಅಳಿಯಲಿಲ್ಲ. ಮೊದಲು ನಿಂತದ್ದು ರಾಟೆ. 1796ರಲ್ಲಿ ಒಂದು ಎಕರೆ ಅಗಸೆ ಬಿತ್ತಿದವರಿಗೆ ಮಂಡಳಿ ನಾಲ್ಕು ರಾಟೆಗಳನ್ನು ಬಹುಮಾನವಾಗಿ ಕೊಟ್ಟಿತ್ತು. ಬಹುಮಾನ ಪಡೆದವರ ಪಟ್ಟಿಯಲ್ಲಿ ಸುಮಾರು 60,000 ಬೆಳೆಗಾರರ ಹೆಸರುಗಳಿವೆ. ನೂಲುವವರ ಹೆಸರು ಬರೆದಿಡಬೇಕೆಂದು ಯಾರಿಗೂ ತೋಚಲಿಲ್ಲ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1825ರಲ್ಲಿ, ಜೇಮ್ಸ್ ಕೇ ನಾರನ್ನು ನೀರಿನಲ್ಲಿ ನೆನೆಸಿ ಯಂತ್ರದಿಂದ ಸಣ್ಣ ನೂಲು ತೆಗೆಯುವ ವಿಧಾನ ಕಂಡುಹಿಡಿದನು. ಗಿರಣಿಯ ನೂಲು ಅಗ್ಗವಾಯಿತು. ಹೆಣ್ಣಿನ ದುಡಿಮೆ ಮೊದಲು ಬಿದ್ದದ್ದೇ ಈ ಕಥೆಯ ದೊಡ್ಡ ನಷ್ಟವೆಂದು ನನ್ನ ಎಣಿಕೆ, ಏಕೆಂದರೆ ಮನೆಯ ದಿನದ ಖರ್ಚಿಗೆ ಒದಗುತ್ತಿದ್ದ ಕಾಸು ಅದು.

ಯಂತ್ರಮಗ್ಗದ ಎಳೆತಕ್ಕೆ ಲಿನನ್ ಎಳೆ ಸುಲಭವಾಗಿ ತುಂಡಾಗುತ್ತಿತ್ತು; ಹಾಗಾಗಿ ಕೈಮಗ್ಗ ಇನ್ನೂ ಕೆಲವು ದಶಕ ತಾಳಿತು. ಹೊಲದ ಅಗಸೆ ಎಲ್ಲಕ್ಕಿಂತ ಕೊನೆಯದು. ಎರಡನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ನಾರು ಬರುವುದು ನಿಂತಾಗ ಅಲ್‌ಸ್ಟರಿನ ಹೊಲಗಳಲ್ಲಿ ಅದು ಮತ್ತೆ ಹೂಬಿಟ್ಟಿತು. ಯುದ್ಧ ಮುಗಿದು, 1950ರ ದಶಕ ಕಳೆಯುವಷ್ಟರಲ್ಲಿ ಬಿತ್ತುವವರಿರಲಿಲ್ಲ.