ಹಗ್ಗ ಹೊಸೆದ ಇಬ್ಬರು ಹಿರಿಯರು: ಆಗಮನ ಕಾಲದ ಚಿಂತನೆ



ಆಗಮನ ಕಾಲ ಆರಂಭವಾಗುತ್ತಿದ್ದಂತೆ ನಮ್ಮ ಪೂಜಾವೇದಿಕೆಯ ಮೇಲೆ ನೇರಳೆ ವಸ್ತ್ರ ಕಾಣಿಸಿಕೊಳ್ಳುತ್ತದೆ. ಹೊರಗೆ ಹೊಲಗಳಲ್ಲಿ ತೊಗರಿ ಬಲಿತು ನಿಂತಿರುತ್ತದೆ. ಸಾಮಾನ್ಯವಾಗಿ ಇದೇ ದಿನಗಳಲ್ಲಿ, ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಜಾತ್ರೆ ಸೇರುತ್ತದೆ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಜನಿಸಿ, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಶ್ರೀ ಮಾಣಿಕ ಪ್ರಭುಗಳ ಸ್ಥಾನವದು. ಎಲ್ಲ ಮತಗಳನ್ನೂ ಗೌರವಿಸಬೇಕೆಂಬ ಅವರ ‘ಸಕಲಮತ’ ಸಂಪ್ರದಾಯಕ್ಕೂ ಅಲ್ಲಿನ ಸಂಗೀತ ಸೇವೆಗೂ ಈ ಭಾಗದಲ್ಲಿ ದೊಡ್ಡ ಹೆಸರಿದೆ. ಒಮ್ಮೆ ಆ ಜಾತ್ರೆಯಲ್ಲಿ ಒಬ್ಬ ಮುದುಕರು ಕಣ್ಣು ಮುಚ್ಚಿ ಹಾಡು ಕೇಳುತ್ತಾ ಕುಳಿತಿದ್ದನ್ನು ನಾವು ಕಂಡೆವು. ಅವರ ಸುತ್ತ ನಿಂತಿದ್ದ ಯುವಕರೆಲ್ಲ ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದರು. ಹಾಡು ಕೇಳಿದ್ದು ಯಾರು ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಯುವಕರನ್ನು ದೂರುವುದು ಸುಲಭ. ಆದರೆ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕಾಗಿದೆ. ಕೆಲ ವರ್ಷಗಳ ಹಿಂದೆ ಹಾಸಿಗೆ ಹಿಡಿದಿದ್ದ ಒಬ್ಬ ಹಿರಿಯರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಅವರು ನಮ್ಮ ಕೈ ಹಿಡಿದು ಏನನ್ನೋ ಹೇಳತೊಡಗಿದರು. ಅಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲ್ ಅಲುಗಾಡಿತು, ನಮ್ಮ ಕೈ ತಾನಾಗಿಯೇ ಅತ್ತ ಹೋಯಿತು. ತಲೆ ಎತ್ತುವಷ್ಟರಲ್ಲಿ ಅವರು ಮಾತು ನಿಲ್ಲಿಸಿದ್ದರು. “ನೀವು ಹೋಗ್ರಿ ಫಾದರ್, ನಿಮಗ ಕೆಲಸ ಭಾಳ ಇರ್ತಾವ” ಎಂದರು, ಬೇಸರವಿಲ್ಲದೆ. ಮೂರು ವಾರಗಳಲ್ಲಿ ಅವರು ಪ್ರಭುವಿನಲ್ಲಿ ನಿದ್ರೆ ಹೋದರು. ಅಂದು ಅವರು ಹೇಳಹೊರಟಿದ್ದ ಮಾತು ಅವರೊಂದಿಗೇ ಮಣ್ಣಾಯಿತು. ಮನಸ್ಸು ಚದುರುವುದು ಸಣ್ಣ ದೋಷವಲ್ಲ ಎಂಬುದು ನಮಗೆ ತಿಳಿದದ್ದು ಆ ಸಮಾಧಿಯ ಬಳಿ.

ಈ ಕಾಯಿಲೆ ಮೊಬೈಲಿನೊಂದಿಗೆ ಹುಟ್ಟಿತೇ? ಇಲ್ಲ. ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ಸಾವಿರದ ಆರುನೂರು ವರ್ಷಗಳಿಗೂ ಹೆಚ್ಚಿನ ವಯಸ್ಸಾಗಿದೆ. ನಾಲ್ಕನೆಯ ಶತಮಾನದಲ್ಲಿ ಎವಾಗ್ರಿಯುಸ್ ಎಂಬ ವಿದ್ವಾಂಸರು ಕಾನ್‌ಸ್ಟಾಂಟಿನೋಪಲಿನ ಗದ್ದಲವನ್ನು ಬಿಟ್ಟು ಈಜಿಪ್ಟಿನ ಮರುಭೂಮಿಗೆ ಹೋದರು, 399ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ತಪಸ್ಸು ಮಾಡಿದರು. ಅಲ್ಲಿ ಮಾರುಕಟ್ಟೆಯಿರಲಿಲ್ಲ, ನಾಟಕಶಾಲೆಯಿರಲಿಲ್ಲ. ಆದರೂ ನಡುಹಗಲಿನಲ್ಲಿ ಸನ್ಯಾಸಿಯನ್ನು ಕಾಡುವ ಒಂದು ಪೀಡೆಯನ್ನು ಅವರು ವರ್ಣಿಸಿದ್ದಾರೆ. ಹೊತ್ತು ಮುಂದೆ ಸಾಗುವುದೇ ಇಲ್ಲ ಎನ್ನಿಸುತ್ತದೆ. ಕಣ್ಣು ಪದೇ ಪದೇ ಕಿಟಕಿಯತ್ತ ಹೋಗುತ್ತದೆ. ಯಾರಾದರೂ ಬರುತ್ತಾರೆಯೇ ಎಂದು ಎದ್ದು ನೋಡುವಂತಾಗುತ್ತದೆ. ಇರುವ ಜಾಗ, ಹಿಡಿದ ಕೆಲಸ ಎರಡೂ ಬೇಡವಾಗಿ, ಬೇರೆಲ್ಲೋ ಸುಖವಿದೆ ಎನ್ನಿಸುತ್ತದೆ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಅಕೇದಿಯ’ ಎನ್ನುತ್ತಾರೆ. ಆಸ್ಥೆ ಬತ್ತಿಹೋದ ಸ್ಥಿತಿ ಎಂಬುದು ಅದರ ಮೂಲಾರ್ಥ. ಅಂದಿನ ಕಿಟಕಿ ಗೋಡೆಯಲ್ಲಿತ್ತು, ಇಂದಿನದು ಅಂಗೈಯಲ್ಲಿದೆ. ವ್ಯತ್ಯಾಸ ಅಷ್ಟೇ.

ಮದ್ದನ್ನೂ ಆ ಮರುಭೂಮಿಯೇ ಕೊಟ್ಟಿದೆ. ಸಂತ ಅಂತೋಣಿಯವರ ಬಗ್ಗೆ ಅಲ್ಲಿನ ಹಿರಿಯರು ಹೇಳಿಕೊಂಡು ಬಂದ ಕಥೆಯೊಂದಿದೆ. ಇವರು ದೋರನಹಳ್ಳಿಯಲ್ಲಿ ನಾವು ಮೊರೆಹೋಗುವ ಪದುವಾದ ಅಂತೋಣಿಯವರಲ್ಲ. 356ರಲ್ಲಿ ದೈವಾಧೀನರಾದ, ಸನ್ಯಾಸಿಗಳ ತಂದೆ ಎನಿಸಿಕೊಂಡ ಈಜಿಪ್ಟಿನ ಅಂತೋಣಿಯವರು. ಒಮ್ಮೆ ಅವರಿಗೂ ಮನಸ್ಸು ಚದುರಿ, ಬೇಸರ ಕವಿದು, “ದೇವರೇ, ನಾನು ಪಾರಾಗುವುದು ಹೇಗೆ” ಎಂದು ಮೊರೆಯಿಟ್ಟರಂತೆ. ಸ್ವಲ್ಪ ಹೊತ್ತಿಗೆ ಹೊರಗೆ ತಮ್ಮಂತೆಯೇ ಇದ್ದ ಒಬ್ಬರನ್ನು ಕಂಡರು. ಆತ ಕುಳಿತು ಹಗ್ಗ ಹೊಸೆಯುವನು, ಎದ್ದು ಪ್ರಾರ್ಥಿಸುವನು, ಮತ್ತೆ ಕುಳಿತು ಹಗ್ಗ ಹೊಸೆಯುವನು. ಅವರನ್ನು ತಿದ್ದಲೆಂದು ದೇವರು ಕಳುಹಿಸಿದ ದೂತನವನು. ಹೀಗೆಯೇ ಮಾಡು, ಪಾರಾಗುವೆ ಎಂಬುದೇ ಅವನ ಸಂದೇಶ. ಗಮನಿಸಿರಿ, ದೂತನು ದೊಡ್ಡ ಉಪದೇಶವನ್ನೇನೂ ಕೊಡಲಿಲ್ಲ. ಕೈಗೊಂದು ಕೆಲಸ, ಪ್ರಾರ್ಥನೆಗೊಂದು ಹೊತ್ತು, ಇಷ್ಟನ್ನೇ ತೋರಿಸಿದನು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇದನ್ನೇ ತಮ್ಮ ಮಠದ ನಿಯಮವಾಗಿಸಿದರು. ಓದಿನ ಹೊತ್ತಿನಲ್ಲಿ ಯಾರಾದರೂ ಪುಸ್ತಕ ಬಿಟ್ಟು ಹರಟೆಯಲ್ಲಿ ತೊಡಗಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತಬೇಕೆಂದೂ ಅವರು ವಿಧಿಸಿದರು. ಮನುಷ್ಯನ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು!

ಹಗ್ಗ ಹೊಸೆದ ಇನ್ನೊಬ್ಬ ಹಿರಿಯರು ನಮ್ಮ ನೆಲದವರೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಬಂದು ನೆಲಸಿದ ಶರಣ ನುಲಿಯ ಚಂದಯ್ಯನವರು. ಕೆರೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಅವರ ಹೆಸರಿನ ಗವಿಯೊಂದು ಬಸವಕಲ್ಯಾಣದಲ್ಲಿದೆ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗವೇ ನೀರಿಗೆ ಬಿದ್ದರೂ ಅವರು ಕಾಯಕ ಬಿಟ್ಟು ಅದರತ್ತ ತಿರುಗಲಿಲ್ಲವೆಂದೂ, ಮುಂದೆ ಮಡಿವಾಳ ಮಾಚಯ್ಯನವರು ಮಧ್ಯೆ ಬಂದು ಲಿಂಗವನ್ನೂ ಕಾಯಕವನ್ನೂ ಬೇರ್ಪಡಿಸಬಾರದೆಂದು ಅವರನ್ನು ಒಪ್ಪಿಸಿದರೆಂದೂ ಶರಣರ ಪರಂಪರೆ ಹೇಳುತ್ತದೆ.

ಈ ಎರಡು ಕಥೆಗಳು ಒಂದೇ ಎಂದು ನಾವು ಹೇಳುವುದಿಲ್ಲ. ಅಂತೋಣಿಯವರ ದೂತನು ಪ್ರಾರ್ಥನೆಗಾಗಿ ಹಗ್ಗವನ್ನು ಕೆಳಗಿಟ್ಟನು. ಚಂದಯ್ಯನವರು ಇಷ್ಟಲಿಂಗಕ್ಕಾಗಿಯೂ ಹುಲ್ಲನ್ನು ಕೆಳಗಿಡಲಿಲ್ಲ. ನಂಬಿಕೆ ಬೇರೆ, ದಾರಿ ಬೇರೆ. ಆದರೆ ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ. ಹಾಗಾಗಿ ನೆರೆಮನೆಯ ಈ ಹಿರಿಯರಿಂದ ಒಂದು ಪಾಠವನ್ನು ಸಂಕೋಚವಿಲ್ಲದೆ ಕಲಿಯಬಹುದು. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇರುವ ಬದುಕನ್ನು ಇಬ್ಬರೂ ಒಪ್ಪಲಿಲ್ಲ. ಒಂದೊಂದೇ ಎಳೆ ಸೇರಿಸುತ್ತಾ ಹೋದರೆ ಮಾತ್ರ ಹಗ್ಗ. ನಡುವೆ ಕೈಬಿಟ್ಟರೆ ಹೊಸೆದದ್ದೂ ಬಿಚ್ಚಿಕೊಳ್ಳುತ್ತದೆ. ಆತ್ಮದ ಆರೋಗ್ಯವೂ ಹೀಗೆಯೇ ಅಲ್ಲವೇ?

ಬೀದರ್ ಜಿಲ್ಲೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಹೆಚ್ಚಿಲ್ಲ. 2005ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ಕಲಬುರಗಿ ಧರ್ಮಕ್ಷೇತ್ರ ಇನ್ನೂ ಎಳೆಯದು. ದೇವಾಲಯದ ಗಂಟೆ ಎಲ್ಲರ ಮನೆಗೂ ಕೇಳಿಸುವುದಿಲ್ಲ. ಆದ್ದರಿಂದ ಮನೆಯೇ ಮೊದಲ ದೇವಾಲಯವಾಗಬೇಕು. ಈ ಆಗಮನ ಕಾಲಕ್ಕೆ ಮೂರು ಎಳೆಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಸಂಜೆ ರೊಟ್ಟಿ ಊಟಕ್ಕೆ ಮುಂಚೆ ಮನೆಯವರೆಲ್ಲರ ಮೊಬೈಲ್‌ಗಳನ್ನು ಒಂದು ಬುಟ್ಟಿಯಲ್ಲಿಟ್ಟು, ಜಪಸರದ ಒಂದು ರಹಸ್ಯವನ್ನಾದರೂ ಕೂಡಿ ಪ್ರಾರ್ಥಿಸಿರಿ. ಎರಡನೆಯದು, ದಿನಕ್ಕೊಂದು ಕೆಲಸವನ್ನು, ಕಾಳು ಆರಿಸುವುದಾಗಲಿ ಪಾತ್ರೆ ತೊಳೆಯುವುದಾಗಲಿ, ಅದೊಂದನ್ನೇ ಮನಸ್ಸಿಟ್ಟು ಮಾಡಿ ದೇವರಿಗೆ ಒಪ್ಪಿಸಿರಿ. ಮೂರನೆಯದು, ಮನೆಯ ಹಿರಿಯರು ಮಾತನಾಡುವಾಗ ಅವರ ಮುಖವನ್ನು ನೋಡಿರಿ. ಈ ಕೊನೆಯದನ್ನು ನಾವು ತಡವಾಗಿ ಕಲಿತೆವು.

ಪ್ರಾರ್ಥನೆಯಲ್ಲಿ ಮನಸ್ಸು ಆಗಲೂ ಚದುರುತ್ತದೆ. ಎದೆಗುಂದಬೇಡಿರಿ. ಚದುರಿದ ಯೋಚನೆಗಳ ಬೆನ್ನುಹತ್ತುವುದೇ ಬಲೆಗೆ ಬೀಳುವುದಾಗಿದೆ, ಹೃದಯಕ್ಕೆ ಮರಳಿ ಬಂದರೆ ಸಾಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬುದ್ಧಿ ಹೇಳುತ್ತದೆ. ನೂರು ಸಲ ಹೋದರೆ ನೂರು ಸಲ ಮರಳುವುದು, ಅದೂ ಪ್ರಾರ್ಥನೆಯೇ.

ಪ್ರಿಯರೇ, ಪ್ರಭು ಹುಟ್ಟಿದ ಸುದ್ದಿ ಆ ರಾತ್ರಿ ಮೊದಲು ತಲುಪಿದ್ದು ಯಾರಿಗೆ? ಹೊಲದಲ್ಲಿ ಕುರಿಮಂದೆ ಕಾಯುತ್ತಾ ಎಚ್ಚರವಾಗಿದ್ದ ಕುರುಬರಿಗೆ. ಅವರು ತಮ್ಮ ಕೆಲಸದಲ್ಲಿದ್ದರು, ಎಚ್ಚರದಲ್ಲಿದ್ದರು. ಅದಕ್ಕೇ ದೂತನ ಮಾತು ಅವರ ಕಿವಿಗೆ ಬಿತ್ತು. ಈ ಕ್ರಿಸ್ತ ಜಯಂತಿಯಂದು ದೂತನು ನಮ್ಮ ಮನೆಯ ಬಾಗಿಲಿಗೆ ಬಂದಾಗ ನಾವು ತಲೆ ಎತ್ತಿ ನೋಡುವಂತಾಗಲಿ. ಆ ಎಚ್ಚರವನ್ನು ಪ್ರಭು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.