ನೂರರ ಮುಂದೆ ಸೋತ ನೂರಮೂವತ್ತೈದು

ಕನ್ನಡದ ಎಷ್ಟೋ ಪುಟಗಳಿಗೆ ಅಕ್ಷರರೂಪ ಕೊಟ್ಟ ಶ್ರೀಲಿಪಿ ತಂತ್ರಾಂಶ ನಮ್ಮ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಕೂಸು. ಅಕ್ಷರಗಳೇನೋ ಹಗುರ, ಚಿತ್ರಗಳು ಸೇರಿದೊಡನೆ ಪುಟವು 1.44 ಎಂಬಿಯ ಫ್ಲಾಪಿಗೆ ಹಿಡಿಸದು. ತೊಂಬತ್ತರ ದಶಕದ ಮುದ್ರಣಲೋಕದ ಇಂಥ ಇಕ್ಕಟ್ಟೇ ಕಳಚಿ ಒಯ್ಯಬಹುದಾದ ಡಿಸ್ಕುಗಳ ಪೈಪೋಟಿಗೆ ಇಂಬಾಯಿತು.

ಸೀಗೇಟ್ ಸ್ಥಾಪಕರಲ್ಲೊಬ್ಬರಾದ ಸೈಯದ್ ಇಫ್ತಿಕಾರ್ 1982ರಲ್ಲಿ ಆರಂಭಿಸಿದ ಸೈಕ್ವೆಸ್ಟ್‌ನ 44 ಎಂಬಿ ಕಾರ್ಟ್ರಿಜ್, ಮ್ಯಾಕಿಂಟಾಶ್ ಬಳಸುವ ಮುದ್ರಕರ ನಡುವೆ ಚಲಾವಣೆಯ ನಾಣ್ಯದಂತಿತ್ತು. 1995ರಲ್ಲಿ ಐಯೋಮೆಗಾದ ಜಿಪ್ ಬಂತು: 100 ಎಂಬಿ, ಡ್ರೈವಿನ ಬೆಲೆ ಸುಮಾರು 200 ಡಾಲರ್. ಅದೇ ವರ್ಷ ಸೈಕ್ವೆಸ್ಟ್ 135 ಎಂಬಿಯ ಈಝಿ135 ಅನ್ನು ಎದುರಿಗಿಟ್ಟಿತು. ಜಿಪ್‌ನೊಳಗೆ ಫ್ಲಾಪಿಯಂಥ ಬಾಗುವ ತಟ್ಟೆ, ಇದರೊಳಗೆ ಗಟ್ಟಿ ತಟ್ಟೆ, ವೇಗವೂ ಹೆಚ್ಚು. ಆದರೂ ಗೆದ್ದದ್ದು ಜಿಪ್. ಡಿಸ್ಕು ಒಯ್ದವನಿಗೆ ಬೇಕಾದದ್ದು, ತಲುಪಿದ ಕಡೆ ಅದೇ ಡ್ರೈವ್ ಇರುವುದು. ಹೊಸ ಡ್ರೈವ್ ತನ್ನವೇ ಹಳೆಯ ಕಾರ್ಟ್ರಿಜ್‌ಗಳನ್ನು ಓದದಾದಾಗ ಸೈಕ್ವೆಸ್ಟ್ ತನ್ನ ಮೂಲಧನವನ್ನು ತಾನೇ ಬಿಟ್ಟುಕೊಟ್ಟಿತೆಂದೇ ನನ್ನ ಎಣಿಕೆ.

1998ರ ನವೆಂಬರ್‌ನಲ್ಲಿ ಸೈಕ್ವೆಸ್ಟ್ ದಿವಾಳಿಯೆದ್ದಿತು; ಅದರ ಸ್ವತ್ತನ್ನು ಕೊಂಡದ್ದೂ ಐಯೋಮೆಗಾವೇ. ಅದೇ ವರ್ಷ ಜಿಪ್ ಮೇಲೆಯೂ ‘ಕ್ಲಿಕ್ ಆಫ್ ಡೆತ್’ ಮೊಕದ್ದಮೆ ಬಂತು. ಮುಂದೆ ಅಗ್ಗದ ಸಿಡಿ, ಪೆನ್‌ಡ್ರೈವ್‌ಗಳು ಗೆದ್ದವನನ್ನೂ ಅಳಿಸಿದವು. ಆ ಡಿಸ್ಕುಗಳಲ್ಲಿ ಉಳಿದಿರಬಹುದಾದ ಕನ್ನಡದ ಪುಟಗಳನ್ನು ತೆರೆಯಲು ಇಂದು ಡ್ರೈವೊಂದೇ ಸಾಲದು, ಯೂನಿಕೋಡ್‌ಪೂರ್ವ ಅಕ್ಷರಸಂಕೇತಗಳನ್ನು ಬಲ್ಲ ಪರಿವರ್ತಕವೂ ಬೇಕು.